ಸ್ಪೀಕರ್ ನುಡಿಯದ ಶನಿವಾರ

ನಾಗಮಂಗಲದ ನಮ್ಮ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದ್ದ ಬೋರ್ಡನ್ನು ಬರೆದವನು ನಾನೇ. ಯಜಮಾನರು ಬರೆಸಿದರು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ನಿಜವಾಗಿ ಅವರು ಹೇಳಿದ್ದು ಏನಾದರೊಂದು ದಾರಿ ಹುಡುಕು ಎಂದಷ್ಟೇ. ಮಾತು ಆರಿಸಿದ್ದು, ಮೂರು ಸಾಲಿಗೆ ಇಳಿಸಿದ್ದು, ಅಕ್ಷರ ಕೆಂಪಗಿರಲಿ ಎಂದು ಪ್ರಿಂಟ್ ಹಾಕುವವನಿಗೆ ಹೇಳಿದ್ದು ಎಲ್ಲ ನಾನು.

ನಮ್ಮದು ದನ, ಕುರಿ, ಕೋಳಿಗಳ ಔಷಧಿ ಅಂಗಡಿ. ಯಜಮಾನರಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಹೀಗೆ ನಾಲ್ಕು ಕಡೆ ಒಂದೊಂದು ಅಂಗಡಿ. ನಾಗಮಂಗಲದ್ದನ್ನು ನೋಡಿಕೊಳ್ಳುವ ಫಾರ್ಮಸಿಸ್ಟ್ ನಾನು. ಆ ವರ್ಷ ಕೆ.ಆರ್. ಪೇಟೆಯ ಅಂಗಡಿಯಲ್ಲಿ ಕೆಲಸದವನೊಬ್ಬ ಗಲ್ಲಾಪೆಟ್ಟಿಗೆಯಿಂದ ತಿಂಗಳುಗಟ್ಟಲೆ ಎತ್ತಿದ್ದು ಗೊತ್ತಾಯಿತು. ಅದರ ಹಿಂದೆಯೇ ಶ್ರೀರಂಗಪಟ್ಟಣದಲ್ಲಿ ಒಬ್ಬ, ದುಡ್ಡು ಹಾಕಿದಂತೆ ತೋರಿಸುವ ಸುಳ್ಳು ಆ್ಯಪ್ ಇಟ್ಟುಕೊಂಡು ಬಂದು ಎರಡು ಪೆಟ್ಟಿಗೆ ಕೋಳಿ ಲಸಿಕೆ ಹೊತ್ತುಕೊಂಡು ಹೋದ. ಯಜಮಾನರು ನಾಲ್ಕೂ ಅಂಗಡಿಯವರನ್ನು ಪಾಂಡವಪುರದ ಮನೆಗೆ ಕರೆಸಿ, ಕಾಫಿ ಕೊಟ್ಟು, ನನ್ನ ಕಡೆ ತಿರುಗಿ, "ನೀನು ಒಸಿ ಓದ್ದೋನು ಕಣಪ್ಪ, ಇದಕ್ಕೊಂದು ದಾರಿ ಮಾಡು" ಅಂದರು.

ನಾನು ಮಾಡಿದ ದಾರಿ ಇದು: ನಗದು ತೆಗೆದುಕೊಳ್ಳುವುದಿಲ್ಲ. ಫೋನಿನ ಮೂಲಕವೇ ಪಾವತಿ. ನಮ್ಮ ಸ್ಪೀಕರ್ ನುಡಿದ ಮೇಲಷ್ಟೇ ಔಷಧಿ.

ಸ್ಪೀಕರ್ ಅಂದರೆ ಕೌಂಟರಿನ ಮೇಲೆ ಕೂರುವ ಅಂಗೈಯಗಲದ ಪೆಟ್ಟಿಗೆ. ಗಿರಾಕಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿದೊಡನೆ ಇಷ್ಟು ರೂಪಾಯಿ ಬಂದಿದೆ ಎಂದು ಕೂಗಿ ಹೇಳುತ್ತದೆ. ದುಡ್ಡು ಬಂದದ್ದನ್ನು ತೋರಿಸುವ ಆ್ಯಪ್ ಯಜಮಾನರ ಫೋನಿನಲ್ಲಿ ಮಾತ್ರ ಇತ್ತು. ಕೆಲಸಗಾರರ ಕೈಗೆ ಅದು ಹೋಗಬಾರದು ಎಂದು ಸೂಚಿಸಿದವನೂ ನಾನೇ. ಗಲ್ಲಾಪೆಟ್ಟಿಗೆ ಇಲ್ಲ, ಚಿಲ್ಲರೆಯ ರಗಳೆ ಇಲ್ಲ, ಯಾರ ಮೇಲೆ ಯಾರೂ ಅನುಮಾನ ಪಡಬೇಕಾಗಿಲ್ಲ. ಯಜಮಾನರು ಬೆನ್ನು ತಟ್ಟಿದರು. ನಾಲ್ಕೂ ಊರಲ್ಲಿ ನನ್ನ ಮೂರು ಸಾಲು ಬಾಗಿಲಿಗೆ ಬಂತು.

ಜನ ಸುಮ್ಮನಿರಲಿಲ್ಲ. "ತಕರಾರಿದ್ದೋರು ಬರ್ದು ಓಗ್ಲಿ, ನೋಡಾನ" ಎಂದು ಯಜಮಾನರು ಒಂದು ಪುಸ್ತಕ ಇಡಿಸಿದರು. ನಿವೃತ್ತ ಮೇಷ್ಟರೊಬ್ಬರು ಸರ್ಕಾರದ ನೋಟನ್ನು ಬೇಡ ಅನ್ನಲು ನೀವು ಯಾರು ಎಂದು ಮುದ್ದಾದ ಅಕ್ಷರದಲ್ಲಿ ಅರ್ಧ ಪುಟ ಬರೆದರು. ಡೇರಿ ಕಾರ್ಯದರ್ಶಿಯೊಬ್ಬ ಕ್ರೆಡಿಟ್ ಕಾರ್ಡ್ ಯಂತ್ರ ಏಕಿಲ್ಲ ಎಂದು ಬರೆದ. ಕೋಳಿಫಾರಂ ಇಟ್ಟವನೊಬ್ಬ ತಿಂಗಳಿಗೊಮ್ಮೆ ದುಡ್ಡು ಕೊಡುವ ಪದ್ಧತಿ ನಿಲ್ಲಿಸಿದ್ದು ಅನ್ಯಾಯ ಎಂದ. ಮೂವರೂ ಬರೆದಾದ ಮೇಲೆ ಜೇಬಿನಿಂದ ಫೋನು ತೆಗೆದು ದುಡ್ಡು ಹಾಕಿ, ಔಷಧಿ ತೆಗೆದುಕೊಂಡು ಹೋದರು. ಮೇಷ್ಟರ ಮಾತಿನ ಬಗ್ಗೆ ಯಜಮಾನರು ತಮ್ಮ ಆಡಿಟರನ್ನು ಕೇಳಿದರು. ವ್ಯಾಪಾರಕ್ಕೆ ಮೊದಲೇ ಬೋರ್ಡ್ ಹಾಕಿ ತಿಳಿಸಿದ್ದರೆ ಸಾಕು, ದುಡ್ಡನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದು ಅಂಗಡಿಯವನಿಗೆ ಬಿಟ್ಟದ್ದು ಎಂದು ಅವರು ಹೇಳಿದರಂತೆ. ಅದು ಸರಿಯೋ ತಪ್ಪೋ ನಾನು ವಿಚಾರಿಸಲಿಲ್ಲ. ತಕರಾರು ಮಾಡಿದವರೆಲ್ಲ ಕೊನೆಗೆ ಫೋನಿನಲ್ಲೇ ಕೊಟ್ಟರಲ್ಲ, ಅಂದಮೇಲೆ ಇದರಲ್ಲಿ ನಿಜವಾದ ಕಷ್ಟ ಯಾರಿಗೂ ಇಲ್ಲ ಎಂದು ತೀರ್ಮಾನಿಸಿದೆ.

ಬಾಗಿಲಿಗೆ ಬಂದು, ಬೋರ್ಡ್ ಓದಿ ಅಥವಾ ಯಾರಿಂದಲೋ ಓದಿಸಿಕೊಂಡು, ಹಾಗೆಯೇ ಮೆಟ್ಟಿಲು ಇಳಿದು ಹೋದವರು ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಬರೆಯುವುದಕ್ಕೆ ಒಳಗೆ ಬರಬೇಕಿತ್ತು. ಈ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಕೆಲವರು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಹಿಡಿದು, ಅವರ ಕೈಗೆ ನೋಟು ಕೊಟ್ಟು, ಅವರ ಫೋನಿನಿಂದ ಹಾಕಿಸುತ್ತಿದ್ದರು. ಅದನ್ನು ಕಂಡು, ನೋಡಿ, ಜನಕ್ಕೆ ದಾರಿ ಗೊತ್ತಿರುತ್ತದೆ ಎಂದು ನೆಮ್ಮದಿಯಾಗಿದ್ದೆ.

ಮಳೆ ನಿಂತು ಸೊಳ್ಳೆ, ನುಸಿ ಎದ್ದ ಕಾಲ. ಆ ಕಾಲಕ್ಕೆ ಕುರಿಗಳಿಗೆ ನೀಲಿನಾಲಿಗೆ ರೋಗ ಬರುತ್ತದೆ. ಜ್ವರ, ಮೂತಿ ಊತ, ಬಾಯಲ್ಲಿ ಹುಣ್ಣು. ಮೇವು ಬಿಟ್ಟ ಕುರಿ ಎರಡು ಮೂರು ದಿನದಲ್ಲಿ ಸೋಲುತ್ತದೆ. ಒಂದು ಶನಿವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಡುತ್ತಿದ್ದೆ. ನಲವತ್ತೈದರ ಸುಮಾರಿನ ಹೆಂಗಸೊಬ್ಬಳು ಪಶುವೈದ್ಯರ ಚೀಟಿ ಹಿಡಿದು ಬಂದಳು.

"ಅಣ್ಣ, ಇದ್ರಲ್ಲಿರೋ ಔಸ್ದಿ ಕೊಡಿ. ಕುರಿಗೋಳ್ಗೆ ಮೂತಿ ಊದ್ಕಂಡು ನಾಲ್ಗೆ ಆಚಿಗ್ ಬಂದ್ಬುಟ್ಟದೆ."

"ಎಷ್ಟು ಕುರಿ ಅವೆ?"

"ಇಪ್ಪತ್ತಾರು. ಒಂಬತ್ತಕ್ಕೆ ಬಂದದೆ."

ಚೀಟಿಯಲ್ಲಿ ಒಮ್ಮೆ ಕೊಟ್ಟರೆ ಮೂರು ದಿನ ಕೆಲಸ ಮಾಡುವ ಟೆಟ್ರಾಸೈಕ್ಲಿನ್ ಇಂಜೆಕ್ಷನ್, ನೋವು ಜ್ವರಕ್ಕೆ ಇನ್ನೊಂದು, ಬಾಯಿ ಹುಣ್ಣಿಗೆ ಬೋರಿಕ್ ಪುಡಿ ಮತ್ತು ಗ್ಲಿಸರಿನ್, ನೀರಿಗೆ ಬೆರೆಸುವ ಶಕ್ತಿಪುಡಿ ಇತ್ತು. ಎಲ್ಲವೂ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು. ತೆಗೆದು ಕೌಂಟರಿನ ಮೇಲೆ ಜೋಡಿಸಿದೆ, ಬಿಲ್ ಮಾಡಿದೆ. ಸಾವಿರದ ಇನ್ನೂರರ ಹತ್ತಿರ ಬಂತು. ಅವಳು ರವಿಕೆಯೊಳಗಿಂದ ಬಟ್ಟೆಯ ಪುಟ್ಟ ಚೀಲ ತೆಗೆದಳು.

"ದುಡ್ಡು ತಗಳಾಕಿಲ್ಲ ಕಣಮ್ಮ. ಫೋನಲ್ಲಿ ಆಕಿಸ್ಬೇಕು" ಅಂದೆ.

"ಫೋನು ನಮ್ಮೆಜಮಾನ್ರ ತಾವ ಐತೆ. ಅದ್ರಲ್ಲೂ ಅದೆಲ್ಲ ಬರಾಕಿಲ್ಲ, ಬಟನ್ದು."

"ಬೋರ್ಡ್ ಆಕಿವ್ನಲ್ಲ."

ಅವಳು ಬೋರ್ಡಿನ ಕಡೆ ತಿರುಗಿ ನೋಡಿದಳು. ಓದಿದಳೋ ಇಲ್ಲವೋ. "ನಾನೇನು ಸಾಲ ಕೇಳ್ತಾ ಇಲ್ವಲ್ಲ ಅಣ್ಣ. ದುಡ್ಡೇ ತಂದಿವ್ನಿ" ಅಂದಳು.

ಅಂಥ ತಕರಾರನ್ನು ನಾಲ್ಕು ತಿಂಗಳಲ್ಲಿ ಯಾರೂ ಪುಸ್ತಕದಲ್ಲಿ ಬರೆದಿರಲಿಲ್ಲ. ನಾನು ಬಸ್ ಸ್ಟ್ಯಾಂಡ್ ಕಡೆ ಕೈ ತೋರಿಸಿ, "ಯಾರ್ ತಾವನಾದ್ರೂ ಆಕಿಸ್ಕಂಡು ಬನ್ನಿ" ಅಂದೆ.

ಹತ್ತು ನಿಮಿಷಕ್ಕೆ ಅವಳ ಜೊತೆ ಬಿಳಿ ಅಂಗಿಯ ಒಬ್ಬರು ಬಂದರು. ಐವತ್ತು ದಾಟಿದವರು, ಕಂಕುಳಲ್ಲಿ ಕಾಗದಪತ್ರದ ಫೈಲು. ಅವಳಿಂದ ನೋಟು ತೆಗೆದುಕೊಂಡು ಜೇಬಿಗಿಟ್ಟು, ಸ್ಕ್ಯಾನ್ ಮಾಡಿ, ಗುಟ್ಟಿನ ಸಂಖ್ಯೆ ಒತ್ತಿದರು. ಅವರ ಫೋನಿನ ಮೇಲೆ ಹಸಿರು ಟಿಕ್ ಬಂತು. ನಮ್ಮ ಸ್ಪೀಕರ್ ಸುಮ್ಮನಿತ್ತು.

"ಕಟ್ ಆಗದೆ, ನೋಡಿ ಸಾರ್" ಎಂದು ಫೋನು ಮುಂದೆ ಹಿಡಿದರು.

"ಸ್ಪೀಕರ್ ಹೇಳ್ಬೇಕು ಸಾರ್. ಎರಡು ನಿಮಿಷ ಇರಿ."

ಎರಡು ನಿಮಿಷ ಆಯಿತು, ಐದಾಯಿತು. ಪೆಟ್ಟಿಗೆಯ ಬದಿಯ ಕೆಂಪು ದೀಪ ಮಿಣುಕುತ್ತಿತ್ತು, ಅಂದರೆ ಒಳಗಿನ ಸಿಮ್ಮಿಗೆ ನೆಟ್‌ವರ್ಕ್ ಇಲ್ಲ. ಆರಿಸಿ ಹಾಕಿದೆ. ಬಾಗಿಲ ಹತ್ತಿರ ಹಿಡಿದುಕೊಂಡು ಹೋದೆ. ಕೆಂಪು ಕೆಂಪಾಗಿಯೇ ಉಳಿಯಿತು. ಅವರು ಗಡಿಯಾರ ನೋಡಿದರು.

"ನಮ್ಮ ಪೇಟೆ ಬಸ್ಸು ಓಯ್ತದೆ. ಒಂದು ಕೆಲ್ಸ ಮಾಡಿ, ನನ್ನ ನಂಬರ್ ಬರ್ಕಳಿ. ದುಡ್ಡು ಬರ್ನಿಲ್ಲ ಅಂದ್ರೆ ನಾನೇ ಮತ್ತೆ ಆಕ್ತೀನಿ."

"ನಂಬರ್ ತಗಂಡು ಏನ್ ಮಾಡ್ಲಿ ಸಾರ್. ಶ್ರೀರಂಗಪಟ್ಟಣದಲ್ಲಿ ಟೋಪಿ ಆಕಿದೋನೂ ನಂಬರ್ ಕೊಟ್ಟಿದ್ದ."

ಅವರ ಮುಖ ಬಿಗಿಯಾಯಿತು. ಫೋನನ್ನು ಜೇಬಿಗಿಟ್ಟರು. "ನಂದು ಕಟ್ ಆಗದೆ. ಇನ್ನು ನಿಮ್ಮ ನಿಮ್ಮ ಧರ್ಮ" ಎಂದು ಮೆಟ್ಟಿಲಿಳಿದು ಬಸ್ಸಿನ ಕಡೆ ಓಡಿದರು. ಅವರು ಓಡಿದ್ದು ನೋಡಿ ನನ್ನ ಅನುಮಾನ ಗಟ್ಟಿಯಾಯಿತು. ಹೆಂಗಸಿಗೆ ಹೇಳಿದೆ: "ನಿಮ್ಗೆ ಮೋಸ ಆಗದೆ ಕಣಮ್ಮ. ಇಂಗೆ ಸುಳ್ಳು ಟಿಕ್ ತೋರ್ಸೋರು ಅವ್ರೆ."

ಅವಳು ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಹೋದಳು. ಬಸ್ಸು ಹೊರಟಿತ್ತು. ತಿರುಗಿ ಬಂದು, "ಅಂಗಾರೆ ನನ್ ದುಡ್ಡು?" ಅಂದಳು. ನಾನು ಬೋರ್ಡಿನ ಮೂರನೆಯ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದೆ. ಹೌದು, ಓದಿ ಹೇಳಿದೆ.

ಯಜಮಾನರಿಗೆ ಮೂರು ಸಲ ಫೋನು ಮಾಡಿದೆ. ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆಗೆ ಹೋಗಿದ್ದರು, ಎತ್ತಲಿಲ್ಲ. ಸ್ಪೀಕರ್ ಕಂಪನಿಯವರ ನಂಬರಿಗೆ ಮಾಡಿದರೆ ಸಂಗೀತ ಕೇಳಿಸಿತು. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ನನ್ನ ಸ್ವಂತ ಫೋನಿನಿಂದ ಆ ದುಡ್ಡು ಹಾಕಿ ಔಷಧಿ ಕೊಟ್ಟು ಕಳಿಸುವುದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಸಾವಿರ ಚಿಲ್ಲರೆ ನನಗೆ ಹೆಚ್ಚೇನಲ್ಲ. ಆದರೆ ಇವತ್ತು ಇವಳಿಗೆ ಮಾಡಿದರೆ ನಾಳೆ ಇನ್ನೊಬ್ಬರು ಬಂದು ಕೂರುತ್ತಾರೆ, ನಿಯಮ ಬರೆದವನೇ ಮುರಿದ ಎಂದಾಗುತ್ತದೆ ಎಂದುಕೊಂಡೆ. ಜೋಡಿಸಿದ್ದ ಔಷಧಿಯನ್ನು ಎತ್ತಿ ಕಪಾಟಿಗೆ ಇಟ್ಟೆ. ಅವಳು ಅದನ್ನು ಕೂತಲ್ಲಿಂದಲೇ ನೋಡಿದಳು.

ನಾಲ್ಕು ಗಂಟೆಯ ಹೊತ್ತಿಗೆ ನೆಟ್‌ವರ್ಕ್ ಬಂತು. ಬೇರೊಬ್ಬ ಗಿರಾಕಿ ಕೋಳಿ ಔಷಧಿಗೆ ದುಡ್ಡು ಹಾಕಿದ, ಸ್ಪೀಕರ್ ಕೂಗಿತು. ಅವಳು ದಡಕ್ಕನೆ ಎದ್ದು ಒಳಗೆ ಬಂದಳು.

"ನಂದಾ?"

"ಅಲ್ಲ."

ಮತ್ತೆ ಅವಳು ಕೂರಲಿಲ್ಲ. ಅವಳು ಹತ್ತಬೇಕಾದ ಬಿಂಡಿಗನವಿಲೆ ಬಸ್ಸಿನ ಹೊತ್ತಾಗಿತ್ತು. ಚೀಟಿಯನ್ನು ಮಡಿಸಿ ಬರಿದಾದ ಚೀಲಕ್ಕೆ ತುರುಕಿಕೊಂಡು ಹೋದಳು.

ಸಂಜೆ ಅಂಗಡಿ ಮುಚ್ಚುವ ಮೊದಲು ಯಜಮಾನರು ಆ ದಿನ ಬಂದ ದುಡ್ಡಿನ ಪಟ್ಟಿಯನ್ನು ಫೋನಿಗೆ ಕಳಿಸುತ್ತಿದ್ದರು. ನಾನು ಬಿಲ್ಲುಗಳ ಜೊತೆ ತಾಳೆ ನೋಡಬೇಕು. ಆ ದಿನ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಮಧ್ಯಾಹ್ನ ಎರಡೂಕಾಲರ ಸಮಯ, ಅವಳ ಬಿಲ್ಲಿನದೇ ಮೊತ್ತ, ನನಗೆ ಗೊತ್ತಿಲ್ಲದ ಒಬ್ಬ ಗಂಡಸಿನ ಹೆಸರು. ಅವರು ಟಿಕ್ ತೋರಿಸಿದ ಕ್ಷಣವೇ ದುಡ್ಡು ನಮ್ಮ ಖಾತೆಗೆ ಬಂದಿತ್ತು. ಪೆಟ್ಟಿಗೆಗೆ ಮಾತ್ರ ತಿಳಿದಿರಲಿಲ್ಲ. ಹಳೆಯದನ್ನು ಅದು ಮತ್ತೆ ಕೂಗುವುದಿಲ್ಲ.

ಆ ಮನುಷ್ಯ ಕಳ್ಳ ಅಲ್ಲ. ಅವಳ ದುಡ್ಡು ನಮ್ಮಲ್ಲಿದೆ, ಅವಳ ಔಷಧಿಯೂ ನಮ್ಮಲ್ಲಿದೆ. ಅಂಗಡಿಯ ದೀಪ ಆರಿಸದೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಯಜಮಾನರಿಗೆ ಫೋನು ಮಾಡಿ ಹೇಳಿದೆ.

"ಸೋಮವಾರ ಬತ್ತಾಳೆ ಬುಡು. ಔಸ್ದಿ ಬೇಕಲ್ಲ ಅವ್ಳಿಗೆ, ಬಂದಾಗ ಕೊಡು" ಅಂದರು.

ಮೋಸ ಹೋಗಿದ್ದೇನೆ ಎಂದುಕೊಂಡವಳು ಮತ್ತೆ ಯಾಕೆ ಬರುತ್ತಾಳೆ ಎಂದು ನಾನು ಕೇಳಲಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಚೀಟಿ ಬರೆದ ಪಶುವೈದ್ಯರು ನನಗೆ ಪರಿಚಯದವರು, ಅವರ ನಂಬರು ನನ್ನ ಫೋನಿನಲ್ಲೇ ಇತ್ತು. ಒಂದು ಮಾತು ಕೇಳಿದ್ದರೆ ಅವಳ ಊರು, ಮನೆ ಎಲ್ಲ ಸಿಗುತ್ತಿತ್ತು. ಕೇಳಿದರೆ ನಾನು ಮಾಡಿದ್ದನ್ನು ಅವರಿಗೆ ಹೇಳಬೇಕಾಗುತ್ತಿತ್ತು. ಆ ಒಂದು ನಾಚಿಕೆಗೆ ಶನಿವಾರ ಸಂಜೆ ಫೋನು ಮಾಡಲಿಲ್ಲ. ಭಾನುವಾರ ಪಾಂಡವಪುರದಲ್ಲಿರುವ ನನ್ನ ಮನೆಗೆ ಹೋದೆ, ತಲೆಗೆ ಸ್ನಾನ ಮಾಡಿದೆ, ಮಕ್ಕಳ ಜೊತೆ ಕೋಳಿಸಾರು ಉಂಡೆ. ಹೆಂಡತಿ ಯಾಕೆ ಮಾತಾಡ್ತಿಲ್ಲ ಎಂದು ಕೇಳಿದ್ದಕ್ಕೆ ತಲೆನೋವು ಅಂದೆ. ಅಂದೂ ಫೋನು ಮಾಡಲಿಲ್ಲ. ಕಾಯಿಲೆ ಬಿದ್ದ ಕುರಿಗೆ ಭಾನುವಾರ ಅಂತ ಬೇರೆ ಇರುವುದಿಲ್ಲ ಎಂದು ಇಪ್ಪತ್ತು ವರ್ಷ ಇದೇ ಕೆಲಸದಲ್ಲಿರುವ ನನಗೆ ಗೊತ್ತಿತ್ತು.

ಸೋಮವಾರ ಹತ್ತೂವರೆಯವರೆಗೆ ಬಾಗಿಲು ನೋಡುತ್ತಾ ಕೂತೆ. ಬಿಂಡಿಗನವಿಲೆಯಿಂದ ಬರುವ ಎರಡು ಬಸ್ಸು ಬಂದು ಹೋದವು. ಆಮೇಲೆ ವೈದ್ಯರಿಗೆ ಫೋನು ಮಾಡಿ, ಒಂದನ್ನೂ ಬಿಡದೆ ಹೇಳಿದೆ.

"ಆ ಹೆಂಗಸು ಔಷಧಿ ತಂದು ಹಾಕಿರ್ತಾಳೆ ಅಂತ ನಾನು ಈ ಕಡೆ ಬೇರೆ ಊರು ನೋಡ್ತಾ ಇದ್ದೆ ಕಣ್ರಿ" ಅಂದರು. "ಎಲ್ಲ ತಗೊಂಡು ಬಿಂಡಿಗನವಿಲೆಗೆ ಬನ್ನಿ. ನಾನು ಸ್ಟ್ಯಾಂಡಲ್ಲಿ ಇರ್ತೀನಿ."

ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದೆ. ಹಗಲು ಹೊತ್ತಿನಲ್ಲಿ ಷಟರ್ ಎಳೆದದ್ದು ಅದೇ ಮೊದಲು. ಚೀಟಿಯಲ್ಲಿದ್ದದ್ದಷ್ಟೇ ಅಲ್ಲದೆ, ಒಂಬತ್ತು ಕುರಿ ಈ ಹೊತ್ತಿಗೆ ಹದಿನೈದಾಗಿರಬಹುದು ಎಂದು ಎರಡು ಬಾಟಲಿ ಹೆಚ್ಚಿಗೆ, ಸಿರಿಂಜು, ಸೂಜಿ, ಬಾಯಿ ತೊಳೆಯುವ ಪರ್ಮಾಂಗನೇಟ್ ಹರಳು ಚೀಲಕ್ಕೆ ಹಾಕಿಕೊಂಡೆ. ಹೆಚ್ಚಿನದಕ್ಕೆ ನನ್ನ ಫೋನಿನಿಂದ ದುಡ್ಡು ಹಾಕಿದೆ. ಸ್ಪೀಕರ್ ಸ್ಪಷ್ಟವಾಗಿ ಕೂಗಿತು.

ವೈದ್ಯರ ಬೈಕಿನ ಹಿಂದೆ ಕೂತು, ಹುರುಳಿ ಹೊಲಗಳ ನಡುವಿನ ಮಣ್ಣುದಾರಿಯಲ್ಲಿ ಮೂರು ಮೈಲಿ ಒಳಗೆ ಹೋದೆವು. ದಾರಿಯಲ್ಲಿ ಅವರು ಗಾಳಿಗೆ ಕೇಳಿಸುವಂತೆ ಗಟ್ಟಿಯಾಗಿ ಮಾತಾಡಿದರು. "ನೀವು ನಿಯಮ ಮಾಡ್ಕೊಂಡಿದ್ದು ತಪ್ಪು ಅನ್ನಲ್ಲ ನಾನು. ಮೋಸ ಮಾಡೋರು ಇದ್ದಾರೆ. ಆದ್ರೆ ನಿಮ್ಮ ಯಂತ್ರ ಕೆಟ್ಟಾಗ ಅದರ ಕಷ್ಟ ಯಾರಿಗೆ ಅನ್ನೋದನ್ನ ಬೋರ್ಡಲ್ಲಿ ಬರೆದಿರಲಿಲ್ಲ ನೀವು. ಬರೀದೇನೇ ಅವಳಿಗೆ ಹಾಕ್ಬಿಟ್ರಿ."

ಮನೆಯ ಪಕ್ಕದಲ್ಲೇ ಕುರಿಯ ರೊಪ್ಪ. ಜಾಲಿಮುಳ್ಳಿನ ಬೇಲಿಯ ಹೊರಗೆ ಹೊಸದಾಗಿ ಮುಚ್ಚಿದ ಗುಂಡಿ, ಮೇಲೆ ಸುಣ್ಣ ಚೆಲ್ಲಿತ್ತು. ನಾಲ್ಕು ಕುರಿ ಸತ್ತಿದ್ದವು, ಎರಡು ಭಾನುವಾರ, ಎರಡು ಆ ದಿನ ಬೆಳಿಗ್ಗೆ. ಇನ್ನು ಹನ್ನೊಂದು ಮೂತಿ ಊದಿಸಿಕೊಂಡು, ಜೊಲ್ಲು ಸುರಿಸುತ್ತಾ, ಮುಂಗಾಲು ಊರಲಾರದೆ ನಿಂತಿದ್ದವು. ಗಂಡ ರೊಪ್ಪದೊಳಗೆ ಒಂದು ಕುರಿಯ ಬಾಯಿಗೆ ಗಂಜಿ ಹಿಂಡುತ್ತಿದ್ದ. ಅವಳು ನೀರಿನ ಬಿಂದಿಗೆ ಹೊತ್ತು ಬಂದವಳು ನನ್ನನ್ನು ಕಂಡು ನಿಂತಳು.

ವೈದ್ಯರು ನನ್ನನ್ನು ತೋರಿಸಿ, "ಇವರು ನಾಗಮಂಗಲದ ಔಷಧಿ ಅಂಗಡಿಯೋರು" ಎಂದರು.

ಗಂಡ ಎದ್ದು ಬಂದು ಕೈ ಪಂಚೆಗೆ ಒರೆಸಿಕೊಂಡ. "ಇವ್ಳು ಸನಿವಾರ ಯೋಳುದ್ಲು, ಔಸ್ದಿ ಸ್ಟಾಕ್ ಇರ್ನಿಲ್ಲ, ಅಂಗ್ಡಿಯೋರು ದುಡ್ಡು ತಗಂಡವ್ರೆ, ಬಂದೇಟ್ಗೆ ಕೊಡ್ತಾರಂತೆ ಅಂತ. ನಾನು, ಅದೆಂಗ್ ದುಡ್ಡು ಕೊಟ್ಬುಟ್ಟು ಬಂದೆ ಅಂತ ಬೈದೆ. ನೀವು ನೋಡುದ್ರೆ ಮನೆ ತಂಕ ತಂದಿವ್ರಿ. ಇಂತಾ ಅಂಗ್ಡಿಯೋರು ಈಗ ಎಲ್ಲವ್ರೆ ಸಾಮಿ."

ನಾನು ಅವಳನ್ನು ನೋಡಿದೆ. ಅವಳು ಬಿಂದಿಗೆಯನ್ನು ಇಳಿಸಿರಲಿಲ್ಲ. ಗಂಡನಿಗೆ ಕಾಣದಂತೆ ತಲೆಯನ್ನು ಒಂದಿಷ್ಟೇ ಅಡ್ಡಕ್ಕೆ ಆಡಿಸಿದಳು.

ದುಡ್ಡು ಕಳೆದುಕೊಂಡೆ ಎಂದು ಹೇಳಲಾರದೆ ಅವಳು ಕಟ್ಟಿದ ಸುಳ್ಳು ಅದು. ನನಗೆ ಅದೇ ದೊಡ್ಡ ಆಸರೆಯಾಗಿ ಸಿಕ್ಕಿತು. "ಹೌದು, ಇವತ್ತು ಬೆಳಿಗ್ಗೆ ಬಂತು ಸ್ಟಾಕು" ಅಂದೆ. ವೈದ್ಯರು ನನ್ನ ಮುಖ ನೋಡಿ, ಸಿರಿಂಜು ಬಿಚ್ಚಿದರು.

ಸಂಜೆಯವರೆಗೆ ಕೆಲಸ ಮಾಡಿದೆವು. ಹತ್ತು ಕೆ.ಜಿ. ತೂಕಕ್ಕೆ ಒಂದು ಎಂ.ಎಲ್. ಲೆಕ್ಕ, ವೈದ್ಯರು ಕುರಿಯ ಬೆನ್ನು ಮುಟ್ಟಿ ತೂಕ ಹೇಳುತ್ತಿದ್ದರು, ನಾನು ತುಂಬಿ ಕೊಡುತ್ತಿದ್ದೆ, ಗಂಡ ಹಿಡಿದುಕೊಳ್ಳುತ್ತಿದ್ದ. ಆಮೇಲೆ ಒಂದೊಂದರ ಬಾಯನ್ನೂ ತಿಳಿಗೆಂಪು ನೀರಿನಲ್ಲಿ ತೊಳೆದು ಬೋರಿಕ್ ಗ್ಲಿಸರಿನ್ ಹಚ್ಚುವುದು. ಅದನ್ನು ನಾನೂ ಅವಳೂ ಮಾಡಿದೆವು. ಒಂದು ಕುರಿಯ ನಾಲಿಗೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಥ ನಾಲಿಗೆಯನ್ನು ಪುಸ್ತಕದಲ್ಲಿ ನೋಡಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ. ನಾನು ಇಪ್ಪತ್ತು ವರ್ಷ ಮಾರಿದ್ದು ಬಾಟಲಿಗಳನ್ನು ಮಾತ್ರ.

ಗಂಡ ಇನ್ನಷ್ಟು ನೀರು ತರಲು ಹೋದಾಗ ಅವಳು ತಗ್ಗಿದ ದನಿಯಲ್ಲಿ ಕೇಳಿದಳು. "ಇದ್ಕೆ ದುಡ್ಡು ಯಾರು ಕೊಟ್ರು?"

"ನಿಮ್ದೇ ದುಡ್ಡು ಕಣಮ್ಮ. ಅವತ್ತೇ ಬಂದಿತ್ತು. ನಮ್ಮ ಮಿಷಿನ್ಗೆ ಗೊತ್ತಾಗಿರ್ನಿಲ್ಲ, ಅಷ್ಟೇ. ಆ ಮನುಷ್ಯ ಮೋಸ ಮಾಡ್ನಿಲ್ಲ."

ಅವಳು ಕುರಿಯ ಬಾಯಿಂದ ಕೈ ತೆಗೆದಳು. "ಬಸ್ಸಲ್ಲಿ ಕುಂತ್ಕಂಡು ಊರು ಬರೋ ಗಂಟ ಆ ಮನ್ಸಂಗೆ ಸಾಪ ಆಕಿವ್ನಿ. ಅವ್ನ ಮನೆ ಆಳಾಗ್ಲಿ, ಮಕ್ಳು ಬೀದೀಗ್ ಬೀಳ್ಲಿ ಅಂತ. ಅದು ಈಗ ಯಾರ್ಗೆ ಓಯ್ತದೆ?"

ಅವಳು ಬಟ್ಟೆ ಅದ್ದಿ ಮುಂದಿನ ಕುರಿಯ ಬಾಯಿ ಬಿಡಿಸಿದಳು.

ಹೊರಡುವಾಗ ಗಂಡ ಒಂದು ಚೀಲ ಅವರೆಕಾಯಿ ತಂದು ಬೈಕಿಗೆ ಕಟ್ಟಲು ಬಂದ. ಬೇಡ ಅಂದೆ, ಬಿಡಲಿಲ್ಲ. ದಾರಿಯಲ್ಲಿ ವೈದ್ಯರನ್ನು ಕೇಳಿದೆ, ಶನಿವಾರವೇ ಕೊಟ್ಟಿದ್ದರೆ ಆ ನಾಲ್ಕು ಉಳಿಯುತ್ತಿದ್ದವಾ ಎಂದು.

"ಈ ವೈರಸ್ಸಿಗೆ ಔಷಧಿ ಇಲ್ಲ. ನಾವು ಕೊಡೋದು ಅದರ ಹಿಂದೆ ಬರೋ ಸೋಂಕಿಗೆ, ನೋವಿಗೆ. ಎರಡು ಉಳೀತಿತ್ತೋ, ಮೂರೋ, ಒಂದೂ ಇಲ್ವೋ, ನನ್ನ ಕೇಳ್ಬೇಡಿ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದರು, "ಉಳೀತಿರಲಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ಕೊಳ್ಳೋಕೆ ನೋಡ್ತಿದ್ದೀರಿ ನೀವು."

ಹಾಗೇ ನೋಡುತ್ತಿದ್ದೆ.

ಮಾರನೆಯ ದಿನ ಅಂಗಡಿ ತೆರೆಯುವ ಮೊದಲು ಪಾಂಡವಪುರಕ್ಕೆ ಹೋಗಿ ಯಜಮಾನರ ಮನೆಯ ಜಗಲಿಯಲ್ಲಿ ನಿಂತೆ. ನಾಗಮಂಗಲದಲ್ಲಿ ಇನ್ನು ನಗದು ತೆಗೆದುಕೊಳ್ಳುತ್ತೇನೆ ಅಂದೆ. ಅವರು ಪೇಪರು ಮಡಿಸಿಟ್ಟರು.

"ನಿಯಮ ಮಾಡ್ದೋನು ನೀನು. ನಿನ್ನ ಮಾತು ಕೇಳಿ ನಾಲ್ಕೂ ಊರಲ್ಲಿ ಆಕ್ಸಿವ್ನಿ. ಈಗ ನಾಲ್ಕು ಕುರಿ ಸತ್ವು ಅಂತ ತಗೀಬೇಕಾ?"

"ನಾಲ್ಕು ಕುರಿ ಸತ್ತದ್ದು ನಮ್ಗೆ ಗೊತ್ತಾಯ್ತು ಅಣ್ಣ. ಬಾಗ್ಲಲ್ಲೇ ತಿರುಗಿ ಓದೋರದ್ದು ಏನೇನಾಯ್ತೋ ಗೊತ್ತಿಲ್ಲ. ಪುಸ್ತಕದಲ್ಲಿ ಬರ್ದೋರೆಲ್ಲ ಫೋನಿದ್ದೋರೇ."

"ಅಂಗ್ಡಿ ನಂದು ಕಣಯ್ಯ. ನನ್ನ ದುಡ್ಡನ್ನ ನಾನು ಎಂಗ್ ಬೇಕೋ ಅಂಗ್ ಇಸ್ಕಂತೀನಿ. ಇಷ್ಟ ಇಲ್ದೋರು ಬ್ಯಾರೆ ಕಡೆ ಓಗ್ಲಿ. ಅದ್ರಲ್ಲೇನು ತಪ್ಪು?"

ತಪ್ಪೇನಿಲ್ಲ ಎಂದೇ ನಾನೂ ನಾಲ್ಕು ತಿಂಗಳು ಹೇಳುತ್ತಿದ್ದೆ. ಬಿಂಡಿಗನವಿಲೆ ಕಡೆಯವರಿಗೆ ಹತ್ತಿರದಲ್ಲಿ ಕುರಿಗಳ ಔಷಧಿ ಇಡುವ ಅಂಗಡಿ ನಮ್ಮದೊಂದೇ, ಬೇರೆ ಕಡೆ ಅಂದರೆ ಒಂದು ದಿನದ ಪ್ರಯಾಣ ಎಂದು ಹೇಳಿದೆ. ಅವರು ಕೆಟ್ಟವರಲ್ಲ. ಎರಡು ಸಲ ಮೋಸ ಹೋಗಿ ಕಳೆದುಕೊಂಡವರು. ಕೊನೆಗೆ, "ನಾಗಮಂಗಲದಲ್ಲಿ ಮಾತ್ರ. ಕಮ್ಮಿ ಬಂದ್ರೆ ನಿನ್ನ ಸಂಬ್ಳದಲ್ಲಿ ಮುರ್ಕತೀನಿ" ಅಂದರು. ಒಪ್ಪಿಕೊಂಡೆ. ಸ್ಪೀಕರ್ ಕೆಟ್ಟರೆ ನೋಡುವುದಕ್ಕೆ ಆ್ಯಪನ್ನೂ ನನ್ನ ಫೋನಿಗೆ ಹಾಕಿಕೊಟ್ಟರು. ಉಳಿದ ಮೂರು ಊರಿನಲ್ಲಿ ನನ್ನ ಮೂರು ಸಾಲು ಈಗಲೂ ಬಾಗಿಲ ಮೇಲಿದೆ.

ಬಿಳಿ ಅಂಗಿಯವರನ್ನು ಹುಡುಕಿದೆ. ಪಟ್ಟಿಯಲ್ಲಿ ಹೆಸರು ಮಾತ್ರ ಇತ್ತು, ಅಂಥ ಹೆಸರು ಕೆ.ಆರ್. ಪೇಟೆ ಸುತ್ತ ನೂರಾರು ಜನಕ್ಕಿದೆ. ಪೇಟೆಯ ನಮ್ಮ ಅಂಗಡಿಯವನಿಗೂ ಹೇಳಿಟ್ಟೆ. ಸಿಗಲಿಲ್ಲ. ಅವತ್ತು ನಂಬರ್ ಬರೆದುಕೊಳ್ಳಿ ಎಂದಾಗ ಬರೆದುಕೊಂಡಿದ್ದರೆ ಹುಡುಕುವ ಪ್ರಮೇಯವೇ ಇರಲಿಲ್ಲ.

ಹದಿನೈದು ದಿನ ಬಿಟ್ಟು, ಉಳಿದ ಕುರಿಗಳಿಗೆ ಲಸಿಕೆ ಹಾಕಲು ವೈದ್ಯರು ಹೊರಟಾಗ ನಾನೂ ಹೋದೆ. ಹನ್ನೊಂದರಲ್ಲಿ ಒಂದು ಸತ್ತು ಹತ್ತು ಚೇತರಿಸಿಕೊಂಡಿದ್ದವು. ಗಂಡನಿಗೆ ನಿಜ ಹೇಳಬೇಕು ಎಂದು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆ ಅವರೆಕಾಯಿ ನನಗೆ ಸೇರಿರಲಿಲ್ಲ. ಊರ ಮುಂದಿನ ನಲ್ಲಿಯ ಹತ್ತಿರ ಅವಳೇ ಸಿಕ್ಕಳು. ಹೇಳಲು ಬಂದಿದ್ದೇನೆ ಅಂದೆ.

"ಯೋಳ್ಬ್ಯಾಡಿ."

"ಅವ್ರು ನನ್ನ ಒಳ್ಳೇನು ಅಂದ್ಕಂಡವ್ರೆ. ನಂಗೆ ತಡ್ಯಕ್ಕಾಯ್ತಿಲ್ಲ ಕಣಮ್ಮ."

"ಯೋಳುದ್ರೆ ನಿಮ್ಗೆ ಅಗುರಾಯ್ತದೆ. ನಂಗೆ?" ಅವಳು ಬಿಂದಿಗೆಯನ್ನು ಕಲ್ಲಿನ ಮೇಲಿಟ್ಟಳು. "ಮದ್ವೆಯಾಗಿ ಇಪ್ಪತ್ತೈದು ವರ್ಸಕ್ಕೆ ಮೊದ್ಲ ಕಿತ ದುಡ್ಡು ಕೊಟ್ಟು ಒಬ್ಳೇ ನಾಗಮಂಗ್ಲಕ್ಕೆ ಕಳ್ಸಿದ್ರು. ದಾರೀಲಿ ಓಗೋರ್ ಕೈಗೆ ಕೊಟ್ಬುಟ್ಳು ಅಂತ ಗೊತ್ತಾದ್ರೆ ಮುಗೀತು. ಇನ್ನೊಂದ್ ಕಿತ ನನ್ ಕೈಗೆ ಹತ್ರೂಪಾಯಿ ಕೊಡಾಕಿಲ್ಲ. ನಿಮ್ಗೆ ತಡ್ಯಕ್ಕಾಗ್ದಿದ್ರೆ ತಡ್ಕಳಿ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಕೆಲಸ ಒಪ್ಪಿಸುವಂತೆ ಹೇಳಿದಳು. ನಾನು ಹೇಳಲಿಲ್ಲ. ಆ ದಿನ ಗಂಡ ಊಟಕ್ಕೆ ಕೂರಿಸಿದ, ಮುದ್ದೆ ಉಪ್ಸಾರು ಬಡಿಸಿ, ಬಂದ ನೆಂಟರಿಗೆಲ್ಲ ನನ್ನ ಗುಣ ಹೇಳಿದ. ತಲೆ ಬಗ್ಗಿಸಿ ಉಂಡೆ.

ಮೂರು ತಿಂಗಳ ಮೇಲೆ ಅವಳು ಅಂಗಡಿಗೆ ಬಂದಳು, ಒಬ್ಬಳೇ. ಹೊಸದಾಗಿ ಹುಟ್ಟಿದ ಮರಿಗಳಿಗೆ ಜಂತಿನ ಔಷಧಿ ಬೇಕಿತ್ತು. ಬಾಟಲಿ ತೆಗೆದುಕೊಟ್ಟೆ, ಬಿಲ್ ಬರೆದು ಕೈ ಚಾಚಿದೆ. ಅವಳು ನೋಟನ್ನು ಹಿಡಿದಿದ್ದಳು, ಕೊಡಲಿಲ್ಲ. ಎಡಗೈಯಿಂದ ಬಾಟಲಿ ಎತ್ತಿ, ಮುಚ್ಚಳ ಗಟ್ಟಿಯಿದೆಯೇ ಎಂದು ನೋಡಿ, ತನ್ನ ಚೀಲದೊಳಗೆ ಇಟ್ಟುಕೊಂಡಳು. ಬಿಲ್ಲನ್ನೂ ಮಡಿಸಿ ಹಾಕಿಕೊಂಡಳು. ಚೀಲದ ಬಾಯಿ ಕಟ್ಟಿದಳು. ಅಷ್ಟೂ ಹೊತ್ತು ನನ್ನ ಕೈ ಕೌಂಟರಿನ ಮೇಲೆ ಖಾಲಿಯಾಗಿ ಚಾಚಿಕೊಂಡೇ ಇತ್ತು. ಹಿಂದೆ ನಿಂತಿದ್ದ ಗಿರಾಕಿಯೊಬ್ಬ, "ಬೇಗ ಕೊಡವ್ವ, ಅವ್ರೇನು ಓಡೋಯ್ತಾರಾ" ಅಂದ.

"ಇರ್ಲಿ ಬಿಡಿ, ನಾನು ಕಾಯ್ತೀನಿ" ಅಂದೆ.

ಗಂಟು ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದ ಮೇಲೆ ಅವಳು ನೋಟನ್ನು ನನ್ನ ಕೈಗೆ ಬಿಟ್ಟಳು.